ಚಂದ್ರನ ಬೆನ್ನಿನ ಸುದ್ದಿ

‘ಆ ದಿನಗಳಲ್ಲಿ’ ಎಂದು ಮಾತು ತೆಗೆಯಬೇಕಾದರೆ ತಲೆ ನರೆತಿರಬೇಕು ಎಂದು ಎಲ್ಲರೂ ತಿಳಿದಿದ್ದಾರೆ. ನನಗಿನ್ನೂ ಇಪ್ಪತ್ತು ತುಂಬಿಲ್ಲ. ಹಾಗಾಗಿ ನಾನು ಆ ಮಾತು ತೆಗೆದ ಕೂಡಲೇ ದೊಡ್ಡವರು ನಗುತ್ತಾರೆ. ನಗಲಿ. ಅಪ್ಪ ಅಮ್ಮ ಒಬ್ಬರಿಗೊಬ್ಬರು ಮಾತು ಬಿಟ್ಟ ಒಂದು ಚಳಿಗಾಲವನ್ನು ಕಂಡವರಿಗೆ ಗೊತ್ತು, ಅದು ಕಳೆದ ಮೇಲೆ ಹನ್ನೆರಡು ವರ್ಷದ ಹುಡುಗಿಗೂ ಒಂದು ‘ಹಿಂದಿನ ಕಾಲ’ ಶುರುವಾಗಿಬಿಡುತ್ತದೆ.

ಆಗ ನಾವಿದ್ದದ್ದು ಕುಂಬಾರಕೊಪ್ಪಲಿನಲ್ಲಿ, ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ. ತಲೆಯ ಮೇಲೆ ತಾರಸಿ, ತಾರಸಿಯ ಮೂಲೆಯಲ್ಲಿ ನೀರಿನ ಟ್ಯಾಂಕು. ಅಪ್ಪನಿಗೆ ಮಂಡಿ ಮೊಹಲ್ಲಾದಲ್ಲಿ ಟಿವಿ ಮತ್ತು ಡಿಶ್ ರಿಪೇರಿಯ ಸಣ್ಣ ಅಂಗಡಿಯಿತ್ತು. ಅಕ್ಕಪಕ್ಕದ್ದು ಒಣಮೆಣಸಿನಕಾಯಿಯ ಸಗಟು ಅಂಗಡಿಗಳಾದ್ದರಿಂದ ರಿಪೇರಿಗೆ ಬಂದ ಗಿರಾಕಿಗಳು ಸೀನುತ್ತಲೇ ದೂರು ಹೇಳುತ್ತಿದ್ದರು. ಊರಿನ ಅರ್ಧ ತಾರಸಿಗಳಿಗೆ ಡಿಶ್ ಕಟ್ಟಿದ ಅಪ್ಪ ನಮ್ಮ ಮನೆಯ ಡಿಶ್ ಮಾತ್ರ ಸರಿ ಮಾಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಅದಕ್ಕೇ. ಟಿವಿ ನೋಡಬೇಕೆನಿಸಿದರೆ ನಾನೂ ಅಮ್ಮನೂ ಎದುರುಮನೆಯ ಜಯತ್ತೆಯ ಹಾಲಿಗೆ ಹೋಗಿ ಕೂರುತ್ತಿದ್ದೆವು.

ಆ ಚಳಿಗಾಲ ಎಂದರೆ ನನಗೆ ಮೊದಲು ನೆನಪಾಗುವುದು ಸೊಗಡಿನ ಅವರೆಕಾಯಿ. ಬೀದಿಯ ತುದಿಯ ಗಾಡಿಯಲ್ಲಿ ರಾಶಿ ಬಿದ್ದಿರುತ್ತಿತ್ತು. ಸುಲಿದರೆ ಕೈಗೆ ಅಂಟುವ ಜಿಡ್ಡು, ಸೋಪು ಹಾಕಿ ತೊಳೆದರೂ ಬಿಡದ ಘಮ. ಸ್ಕೂಲಿನಿಂದ ಬಂದ ಕೂಡಲೇ ಅಮ್ಮ ನೆನೆದ ಕಾಳಿನ ಪಾತ್ರೆಯನ್ನು ನನ್ನ ಮುಂದೆ ಇಡುತ್ತಿದ್ದಳು. ಬೆರಳ ನಡುವೆ ಕಾಳು ಹಿಡಿದು ಹಿಸುಕಿದರೆ ಬೇಳೆ ಪುಳಕ್ಕನೆ ಹಾರುತ್ತಿತ್ತು. ಹಿಂದಿನ ವರ್ಷದವರೆಗೆ ಅಪ್ಪನೂ ಜೊತೆಗೆ ಕೂತು, ಯಾರ ಬೇಳೆ ದೂರ ಹಾರುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದರು. ‘ತಿನ್ನೋ ಪದಾರ್ಥ ಕಣ್ರೀ ಅದು, ಚೆಂಡಲ್ಲ!’ ಎಂದು ಅಮ್ಮ ಬಯ್ಯುತ್ತಿದ್ದಳು. ಆ ವರ್ಷ ಪಾತ್ರೆಯ ಮುಂದೆ ಕೂತವಳು ನಾನೊಬ್ಬಳೇ.

ಆದದ್ದು ಇಷ್ಟು. ದೀಪಾವಳಿ ಮುಗಿದು ಸ್ವಲ್ಪ ದಿನಗಳಾಗಿದ್ದವು. ಅಮ್ಮ ಬಸುರಿ. ಹೆರಿಗೆಗೆ ಇನ್ನೂ ಸಮಯವಿದೆ ಎಂದು ಡಾಕ್ಟರು ಹೇಳಿದ್ದರಿಂದ ಅಪ್ಪ ಎಚ್.ಡಿ. ಕೋಟೆಯ ಕಡೆ, ಕಾಡಂಚಿನ ಒಂದು ತೋಟದ ಮನೆಗೆ ಡಿಶ್ ಕಟ್ಟಲು ಹೋಗಿದ್ದರು. ಮಧ್ಯಾಹ್ನ ಅಮ್ಮನಿಗೆ ನೋವು ಶುರುವಾಯಿತು. ಫೋನು ಹಚ್ಚಿದವಳು ನಾನೇ. ‘ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂದು ಒಬ್ಬ ಹೆಂಗಸು ಹೇಳಿದಳು. ಮತ್ತೆ ಹಚ್ಚಿದೆ, ಮತ್ತೆ ಅದನ್ನೇ ಹೇಳಿದಳು. ಅಮ್ಮ ನೆಲದ ಮೇಲೆ ಕೂತು ‘ಸ್ಪೀಕರ್ ಹಾಕು, ನಾನು ಮಾತಾಡ್ತೀನಿ’ ಅಂದಳು. ಸ್ಪೀಕರಿನಲ್ಲಿ ಆ ಹೆಂಗಸು ಇನ್ನೂ ಚೆನ್ನಾಗಿ ಕೇಳಿಸಿದಳು. ಕೊನೆಗೆ ಜಯತ್ತೆ ಆಟೋ ಕರೆದು ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದರು. ಹುಟ್ಟಿದ್ದು ಗಂಡು ಮಗು. ಅದು ಅಳಲಿಲ್ಲ.

ಅಪ್ಪ ಬಂದದ್ದು ಮರುದಿನ ಬೆಳಿಗ್ಗೆ. ಅಮ್ಮನಿಗೆ ಬಯಕೆ ಎಂದು ತೋಟದಿಂದ ಒಂದು ಚೀಲ ನೆಲ್ಲಿಕಾಯಿ ತಂದಿದ್ದರು. ಆಸ್ಪತ್ರೆಯ ವರಾಂಡದಲ್ಲಿ ಆ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ತುಂಬ ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದರು. ಅಪ್ಪನನ್ನು ಅಷ್ಟು ಸಣ್ಣವರಾಗಿ ನಾನು ಹಿಂದೆಂದೂ ನೋಡಿರಲಿಲ್ಲ. ಅಮ್ಮ ಜಗಳ ಆಡಲಿಲ್ಲ, ಬಯ್ಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಅವತ್ತಿನಿಂದ ಅವರಿಬ್ಬರ ನಡುವೆ ಮಾತು ನಿಂತುಹೋಯಿತು.

ಮಾತು ಬಿಟ್ಟವರ ಮನೆಯಲ್ಲಿ ಮಕ್ಕಳಿಗೆ ಒಂದು ಕೆಲಸ ತಾನಾಗಿ ಸಿಗುತ್ತದೆ. ನಿಮ್ಮಲ್ಲೂ ಎಷ್ಟೋ ಜನ ಆ ಕೆಲಸ ಮಾಡಿರುತ್ತೀರಿ.

‘ಸಿಂಧು, ನಿಮ್ಮಪ್ಪನ್ಗೆ ಹೇಳು, ಗ್ಯಾಸ್ ಮುಗ್ದೋಗದೆ ಅಂತ.’

ನಿಮ್ಮಪ್ಪ ಅಲ್ಲೇ ಬಾಗಿಲ ಬಳಿ ಕೂತು ಪೇಪರ್ ಓದುತ್ತಿರುತ್ತಾರೆ. ‘ಪುಟ್ಟಿ, ಬುಕ್ ಮಾಡಿದೀನಿ ಅಂತ ಹೇಳು ಅಮ್ಮಂಗೆ. ನಾಳೆ ಬರುತ್ತೆ.’

ನಾನು ನಡುವೆ ನಿಂತು, ಇಬ್ಬರಿಗೂ ಆಗಲೇ ಕೇಳಿಸಿರುವ ಮಾತನ್ನು ಮತ್ತೊಮ್ಮೆ ಹೇಳಬೇಕು. ಹೇಳದಿದ್ದರೆ ಆ ಮಾತು ತಲುಪಿದಂತೆ ಅಲ್ಲ. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಕೈ ಪಳಗಿತು, ಸಣ್ಣದಾಗಿ ಒಗ್ಗರಣೆ ಹಾಕುವುದನ್ನೂ ಕಲಿತೆ. ಅಪ್ಪ ‘ಸಾರಿಗೆ ಉಪ್ಪು ಜಾಸ್ತಿ’ ಎಂದರೆ ನಾನು ಅಡುಗೆಮನೆಗೆ ಹೋಗಿ ‘ಸಾರು ಬೊಂಬಾಟಾಗಿದೆಯಂತೆ ಅಮ್ಮ, ಉಪ್ಪೊಂದು ಚೂರು ಕಮ್ಮಿ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತಂತೆ’ ಅನ್ನುತ್ತಿದ್ದೆ. ಅಮ್ಮ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ‘ಕತ್ತೆ’ ಅನ್ನುತ್ತಿದ್ದಳು. ಆದರೆ ಮರುದಿನ ಸಾರಿನಲ್ಲಿ ಉಪ್ಪು ಸರಿಯಾಗಿರುತ್ತಿತ್ತು.

ಜನವರಿಯ ಮೊದಲ ವಾರ ಇರಬೇಕು. ಅಪ್ಪ ಪೇಪರಿನಿಂದ ತಲೆ ಎತ್ತಿ, ‘ನೋಡ್ದಾ ಪುಟ್ಟಿ, ಚೀನಾದವರು ಚಂದ್ರನ ಬೆನ್ನ ಮೇಲೆ ಇಳಿದ್ಬುಟ್ರು!’ ಎಂದರು. ಚಂದ್ರನಿಗೆ ಬೆನ್ನು ಎಲ್ಲಿಂದ ಬಂತು ಎಂದು ಕೇಳಿದೆ. ಅಪ್ಪ ಅಡುಗೆಮನೆಯ ಕಟ್ಟೆಯ ಮೇಲಿದ್ದ ಸುಲಿದ ತೆಂಗಿನಕಾಯಿಯನ್ನು ತಂದು, ಅದರ ಮೂರು ಕಣ್ಣು ನನ್ನ ಕಡೆಗಿರುವ ಹಾಗೆ ಹಿಡಿದು, ನನ್ನನ್ನು ಹಾಲಿನ ಮಧ್ಯೆ ನಿಲ್ಲಿಸಿ ಸುತ್ತ ನಡೆದರು. ಅವರು ಎಲ್ಲಿ ಹೋದರೂ ಕಾಯಿಯ ಕಣ್ಣು ನನ್ನನ್ನೇ ನೋಡುತ್ತಿತ್ತು.

‘ನಾನು ನಿನ್ನ ಒಂದು ಸುತ್ತು ಹಾಕೋಷ್ಟೊತ್ಗೆ ಕಾಯಿನೂ ತನ್ನಷ್ಟಕ್ಕೆ ತಾನು ಒಂದು ಸುತ್ತು ತಿರುಗಿರುತ್ತೆ. ಅದಕ್ಕೇ ಅದರ ಮುಖ ಮಾತ್ರ ನಿಂಗೆ ಕಾಣೋದು. ಬೆನ್ನು ಕಾಣೋದೇ ಇಲ್ಲ. ಭೂಮಿ ಮೇಲೆ ನಿಂತ ಯಾರೂ ಅದನ್ನ ನೋಡಿಲ್ಲ ಕಣೇ. ನಿಮ್ಮಜ್ಜಿನೂ ನೋಡಿಲ್ಲ, ಮಹಾರಾಜರೂ ನೋಡಿಲ್ಲ.’

ಒಳಗಿನಿಂದ ದನಿ ಬಂತು. ‘ಸಿಂಧು, ಚಟ್ನಿಗೆ ಕಾಯಿ ಬೇಕು ಅಂತ ಹೇಳು ನಿಮ್ಮಪ್ಪನ್ಗೆ.’

ಚಂದ್ರ ಅಡುಗೆಮನೆಗೆ ವಾಪಸು ಹೋದ. ಅಪ್ಪನ ಉತ್ಸಾಹ ಮಾತ್ರ ನಿಲ್ಲಲಿಲ್ಲ. ಅವರ ಕಸುಬಿನ ಮಾತು ಬಂದಿತ್ತು ನೋಡಿ. ಡಿಶ್‌ಗೂ ಆಕಾಶದ ಉಪಗ್ರಹಕ್ಕೂ ನಡುವೆ ಒಂದು ತೆಂಗಿನಮರ ಅಡ್ಡ ಬಂದರೆ ಸಾಕು, ಚಿತ್ರ ಬರುವುದಿಲ್ಲ. ಹಾಗಿರುವಾಗ ಚಂದ್ರನ ಬೆನ್ನ ಮೇಲೆ ಇಳಿದವನಿಗೆ ಚಂದ್ರನೇ ಅಡ್ಡ. ಅಲ್ಲಿಂದ ಎಷ್ಟು ಕೂಗಿದರೂ ಭೂಮಿಗೆ ಕೇಳುವುದಿಲ್ಲ. ‘ಅದಕ್ಕೆ ಅವರೇನು ಮಾಡಿದ್ರು ಗೊತ್ತಾ? ಮೊದಲೇ ಇನ್ನೊಂದು ಉಪಗ್ರಹನ ಚಂದ್ರನ ಆಚೆಗೆ ಕಳಿಸಿ, ಭೂಮಿನೂ ಕಾಣ್ಬೇಕು, ಆ ಬೆನ್ನೂ ಕಾಣ್ಬೇಕು, ಅಂಥ ಜಾಗದಲ್ಲಿ ನಿಲ್ಸಿದ್ರು. ಅಲ್ಲಿ ಮಾತನ್ನ ಅದು ಕೇಳ್ಕೊಂಡು ಇಲ್ಲಿಗೆ ಹೇಳುತ್ತೆ, ಇಲ್ಲಿದನ್ನ ಅಲ್ಲಿಗೆ ಹೇಳುತ್ತೆ.’

ತುರಿಮಣೆಯ ಸದ್ದು ನಿಂತಿತು. ‘ಅಂಥದ್ದು ನಮ್ಮನೇಲೂ ಒಂದಿದೆ ಅಂತ ಹೇಳು ನಿಮ್ಮಪ್ಪನ್ಗೆ.’

ಅಪ್ಪ ನಕ್ಕುಬಿಟ್ಟರು. ಒಳಗೆ ಅಮ್ಮನೂ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವರಿಬ್ಬರೂ ಒಂದೇ ಮಾತಿಗೆ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗ್ಯಾಸು, ಹಾಲು, ಉಪ್ಪು ಬಿಟ್ಟು ಬೇರೆ ಒಂದು ವಿಷಯ ಅವರ ನಡುವೆ ದಾಟಿತ್ತು. ಇದನ್ನು ಬಿಡಬಾರದು ಎಂದು ಅವತ್ತೇ ತೀರ್ಮಾನ ಮಾಡಿದೆ. ಇವರಿಬ್ಬರೂ ಮತ್ತೆ ಮಾತಾಡುವುದಾದರೆ ಅದು ಚಂದ್ರನ ದೆಸೆಯಿಂದಲೇ ಆಗಬೇಕು ಎಂದು ನನಗೆ ಹೇಗೋ ಖಾತ್ರಿಯಾಗಿತ್ತು.

ಅವತ್ತಿನಿಂದ ನನಗೆ ಅದೇ ಕೆಲಸ. ಸ್ಕೂಲಿನ ಲೈಬ್ರರಿ, ವಿಜ್ಞಾನದ ಟೀಚರ್, ಅಪ್ಪನ ಮೊಬೈಲು, ಎಲ್ಲಿ ಸಿಕ್ಕರೂ ಚಂದ್ರನ ಬೆನ್ನಿನ ಸುದ್ದಿ ಹೆಕ್ಕಿ ತರುತ್ತಿದ್ದೆ. ನಮಗೆ ಕಾಣುವ ಮೊಲದ ಕಲೆಯಂಥ ಕಪ್ಪು ಬಯಲುಗಳು ಆ ಕಡೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಲ್ಲಿ ಬರೀ ಗುಂಡಿಗಳು, ಗುಂಡಿಯೊಳಗೆ ಗುಂಡಿಗಳು. ಆ ಕಡೆಯ ನೆಲದ ತೊಗಟೆಯೂ ದಪ್ಪ. ಒಂದೇ ಕಲ್ಲು, ಒಂದೇ ವಯಸ್ಸು, ಆದರೂ ಎರಡು ಕಡೆಗಳು ಯಾಕೆ ಹೀಗೆ ಬೇರೆ ಎಂದು ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಖಚಿತವಾಗಿ ಗೊತ್ತಿಲ್ಲ. ಸುದ್ದಿಯನ್ನು ಊಟದ ಹೊತ್ತಿಗೆ ತೆಗೆಯುತ್ತಿದ್ದೆ. ಆಗ ಅಪ್ಪ ಹಾಲಿನಲ್ಲಿ ತಟ್ಟೆಯ ಮುಂದೆ, ಅಮ್ಮ ಒಲೆಯ ಮುಂದೆ. ಇಬ್ಬರೂ ಓಡಿಹೋಗುವ ಹಾಗಿರಲಿಲ್ಲ.

‘ಅಲ್ಲಿ ಯಾವಾಗ್ಲೂ ಕತ್ತಲೇನಾ ಅಂತ ಕೇಳು ನಿಮ್ಮಪ್ಪನ್ನ.’

‘ಇಲ್ಲ ಅಂತ ಹೇಳು. ನಮಗೆ ಅಮಾವಾಸ್ಯೆ ಇದ್ದಾಗ ಅಲ್ಲಿ ಪೂರ್ತಿ ಬಿಸಿಲು. ಕಾಣದೇ ಇರೋದು ಬೇರೆ, ಕತ್ತಲೆ ಬೇರೆ.’

‘ಅಷ್ಟು ದೂರ ಹೋಗಿ ಏನು ಮಾಡ್ತಾರಂತೆ?’

ಇದಕ್ಕೆ ಅಪ್ಪ ಊಟ ನಿಲ್ಲಿಸಿಯೇ ಉತ್ತರ ಕೊಟ್ಟರು. ಮಂಡಿ ಮೊಹಲ್ಲಾದ ಟೀ ಅಂಗಡಿಯಲ್ಲಿ ಆ ವಾರವೆಲ್ಲ ಅದೇ ಚರ್ಚೆಯಂತೆ. ಭೂಮಿಯ ರೇಡಿಯೋ, ಟಿವಿ, ಮೊಬೈಲುಗಳ ಗದ್ದಲ ಅಲ್ಲಿಗೆ ಮುಟ್ಟುವುದಿಲ್ಲ. ಅಲ್ಲಿ ಒಂದು ಕಿವಿ ನೆಟ್ಟರೆ ಜಗತ್ತು ಎಳೆಯದಾಗಿದ್ದ ಕಾಲದ ಸಣ್ಣ ಸದ್ದೂ ಕೇಳಿಸೀತು. ಇನ್ನೊಂದು ಕಾರಣವೂ ಇದೆ. ಅಲ್ಲಿ ಏನು ಕಟ್ಟಿದರೂ ಇಲ್ಲಿ ನಿಂತವರಿಗೆ ಕಾಣುವುದಿಲ್ಲ. ‘ನಾಳೆ ಯಾರ್ಯಾರೋ ಬರ್ತಾರೆ, ನೀರಿದೆಯಾ, ಲೋಹ ಇದೆಯಾ ಅಂತ ಹುಡುಕ್ತಾರೆ. ಮೊದ್ಲು ಹೋಗಿ ಗೂಟ ಹೊಡ್ದೋನ ಮಾತೇ ನಡೆಯೋದು. ಸೈಟಿನ ವ್ಯವಹಾರ ಇದ್ದಂಗೇ ಅನ್ಕೋ’ ಎಂದರು.

ಅಮ್ಮ ಒಲೆ ಆರಿಸಿದಳು. ‘ಅಷ್ಟು ಸದ್ದಿಲ್ದಿರೋ ಕಡೆ ಮನುಷ್ಯರು ಇರೋಕಾಗುತ್ತಾ ಅಂತ ಕೇಳು’ ಎಂದಳು. ನಾನು ಕೇಳಿದೆ. ಅಪ್ಪ ಅನ್ನ ಕಲಸುತ್ತಲೇ ಕೂತರು.

ಸಂಕ್ರಾಂತಿ ಬಂತು. ಹೊಸ ಲಂಗ ಹಾಕಿಕೊಂಡು ಬೀದಿಯ ಮನೆಗಳಿಗೆಲ್ಲ ಎಳ್ಳು ಬೀರಲು ಹೊರಡುವ ಮುನ್ನ ನಾನು ಮನೆಯಿಂದಲೇ ಶುರು ಮಾಡಿದೆ. ಅಪ್ಪನಿಗೊಂದು ಪೊಟ್ಟಣ, ಅಮ್ಮನಿಗೊಂದು ಪೊಟ್ಟಣ. ‘ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ’ ಎಂದು ಇಬ್ಬರಿಗೂ ಕೇಳುವ ಹಾಗೆ ಜೋರಾಗಿ ಹೇಳಿದೆ. ಎಲ್ಲರೂ ಎಲ್ಲರಿಗೂ ಹೇಳುವ ಮಾತೇ. ಆದರೆ ಅವತ್ತು ಇಬ್ಬರೂ ನೆಲ ನೋಡಿದರು. ಅಪ್ಪ ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿಕೊಂಡು, ‘ಎಳ್ಳು ಚೆನ್ನಾಗಿ ಹುರಿದವ್ಳೆ ಅಂತ ಹೇಳು’ ಅಂದರು. ಒಳ್ಳೆಯ ಮಾತೇನೋ ಆಡಿದರು, ಅದೂ ನನ್ನ ಮೂಲಕವೇ ಬಂತು.

ಅದೇ ಹೊತ್ತಿಗೆ ಆ ಸುದ್ದಿಯೂ ಬಂತು. ಚೀನಾದವರು ಚಂದ್ರನಿಗೆ ಒಯ್ದ ಡಬ್ಬಿಯೊಂದರಲ್ಲಿ ಮಣ್ಣು, ನೀರು, ಒಂದಷ್ಟು ಬೀಜ ಇಟ್ಟಿದ್ದರಂತೆ. ಅದರಲ್ಲಿ ಹತ್ತಿಬೀಜವೊಂದು ಮೊಳೆತಿತ್ತು. ಮೊಬೈಲಿನಲ್ಲಿ ಚಿತ್ರ ನೋಡಿದೆ, ಮಸುಕು ಹಿನ್ನೆಲೆಯಲ್ಲಿ ಒಂದೇ ಒಂದು ಹಸಿರು ಎಳೆ. ಓಡಿಹೋಗಿ ಅಮ್ಮನಿಗೆ ತೋರಿಸಿದೆ. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ‘ಅಯ್ಯೋ, ಎಷ್ಟು ಚಿಕ್ಕದು’ ಅಂದಳು. ‘ಅಲ್ಲಿ ಯಾರು ನೋಡ್ಕೋತಾರೆ ಅದನ್ನ?’

ಎರಡು ಮೂರು ದಿನಕ್ಕೇ ಅದು ಸತ್ತಿತು. ಚಂದ್ರನ ಮೇಲೆ ಸೂರ್ಯ ಮುಳುಗಿದರೆ ನಮ್ಮ ಲೆಕ್ಕದಲ್ಲಿ ಎರಡು ವಾರ ಇರುಳಂತೆ. ಆ ಚಳಿ ಡಬ್ಬಿಯೊಳಕ್ಕೂ ಇಳಿದಿತ್ತು. ನಾನು ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ಆ ಸುದ್ದಿ ಓದುತ್ತಿದ್ದೆ. ಬೆಸುಗೆಯ ಹೊಗೆ ಕಣ್ಣು ಉರಿಸುತ್ತಿತ್ತು. ಅಪ್ಪ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟರು.

‘ಅಮ್ಮಂಗೆ ಹೇಳ್ಬೇಡ ಪುಟ್ಟಿ.’

‘ಕೇಳಿದ್ರೆ?’

‘ಇದೆ ಅನ್ನು. ಎಲೆ ಬಿಡ್ತಾ ಇದೆ ಅನ್ನು.’

ಇಷ್ಟು ದಿನ ಅಪ್ಪ ನನಗೆ ಹೇಳು ಹೇಳು ಎನ್ನುತ್ತಿದ್ದವರು. ಹೇಳಬೇಡ ಎಂದದ್ದು ಅದೊಂದೇ ಮಾತು. ನಾನು ಆ ಕೆಲಸವನ್ನು ಚಾಚೂ ತಪ್ಪದೆ ಮಾಡಿದೆ. ಅಮ್ಮ ಬಟ್ಟೆ ಮಡಚುತ್ತಾ, ಜಡೆ ಹೆಣೆಯುತ್ತಾ ಆಗಾಗ ಕೇಳುತ್ತಿದ್ದಳು, ‘ಆ ಗಿಡ ಎಂಗಿದೆಯಂತೆ?’ ನಾನು ‘ಎರಡೆಲೆ ಬಿಟ್ಟಿದೆಯಂತೆ’ ಅನ್ನುತ್ತಿದ್ದೆ. ಇನ್ನೊಂದು ದಿನ ‘ಈಗ ಗೇಣುದ್ದ ಆಗಿದೆಯಂತೆ.’ ಅಮ್ಮ ‘ಹೂಂ’ ಅನ್ನುತ್ತಿದ್ದಳು. ಜಡೆಯನ್ನು ಮೆಲ್ಲಗೆ ಹೆಣೆಯುತ್ತಿದ್ದಳು. ಫೆಬ್ರವರಿಯ ಕೊನೆಯ ಹೊತ್ತಿಗೆ ಚಂದ್ರನ ಬೆನ್ನ ಮೇಲೆ ನನ್ನ ಹತ್ತಿಗಿಡ ಮೊಗ್ಗು ಬಿಡುವ ಹಂತಕ್ಕೆ ಬಂದಿತ್ತು.

ಇನ್ನು ಸಂಕಷ್ಟಿಯ ಮಾತು. ಬಸುರಿಯಾಗಿದ್ದಾಗ ಜಯತ್ತೆಯ ಮಾತು ಕೇಳಿ ಅಮ್ಮ ತಿಂಗಳಿಗೊಮ್ಮೆ ಸಂಕಷ್ಟಿ ಉಪವಾಸ ಹಿಡಿದಿದ್ದಳು. ಹುಣ್ಣಿಮೆ ಕಳೆದು ನಾಲ್ಕನೆಯ ದಿನ. ಹಗಲೆಲ್ಲ ಒಂದು ಬಾಳೆಹಣ್ಣು, ಒಂದು ಲೋಟ ಹಾಲು. ಸಂಜೆ ಗಣಪತಿಗೆ ಗರಿಕೆ ಏರಿಸಿ, ಚಂದ್ರನನ್ನು ನೋಡಿದ ಮೇಲೇ ಊಟ. ಮಗು ಹೋದ ಮೇಲೂ ಅವಳು ಬಿಡಲಿಲ್ಲ. ಜಯತ್ತೆಯೇ ‘ಇನ್ಯಾಕಮ್ಮ, ಬುಡು’ ಅಂದರೂ ಕೇಳಲಿಲ್ಲ. ‘ವರ್ಷ ಮಾಡ್ತೀನಿ ಅಂದಿದ್ದೆ ಜಯಕ್ಕ. ದೇವ್ರು ಮಾತು ತಪ್ಪಿದ ಅಂತ ನಾನೂ ತಪ್ಪಲಾ?’ ಅಂದಿದ್ದಳು.

ಆ ದಿನ ಚಂದ್ರ ಹುಟ್ಟುವುದು ತಡ. ಕ್ಯಾಲೆಂಡರಿನಲ್ಲಿ ಚಂದ್ರೋದಯದ ಹೊತ್ತು ಬರೆದಿರುತ್ತದೆ, ಬಹಳ ಜನ ಅದನ್ನು ನೋಡಿಕೊಂಡೇ ಎಲೆ ಹಾಕುತ್ತಾರೆ. ಅಮ್ಮನಿಗೆ ಅದು ಒಪ್ಪಿಗೆಯಿಲ್ಲ, ಕಣ್ಣಿಗೆ ಕಾಣಬೇಕು. ನಮ್ಮ ಪೂರ್ವಕ್ಕೆ ಒಂದು ಎತ್ತರದ ಅಪಾರ್ಟ್‌ಮೆಂಟ್ ಎದ್ದಿದ್ದರಿಂದ ಚಂದ್ರ ಅದರ ತಲೆ ದಾಟಿ ಬರುವಷ್ಟರಲ್ಲಿ ಅವಳಿಗೆ ತಲೆ ಸುತ್ತುತ್ತಿತ್ತು. ಅದಕ್ಕೇ ಅಪ್ಪ ಸಂಕಷ್ಟಿಯ ಸಂಜೆ ಅಂಗಡಿಯನ್ನು ಬೇಗ ಮುಚ್ಚಿ ಬಂದು, ಯಾರಿಗೂ ಏನೂ ಹೇಳದೆ ತಾರಸಿ ಹತ್ತಿ, ನೀರಿನ ಟ್ಯಾಂಕಿನ ಮೇಲೆ ನಿಲ್ಲುತ್ತಿದ್ದರು. ಅಲ್ಲಿಂದ ಆ ಕಟ್ಟಡದ ಪಕ್ಕದ ಸಂದಿಯಲ್ಲಿ, ಚಾಮುಂಡಿ ಬೆಟ್ಟದ ದೀಪಗಳ ಎಡಕ್ಕೆ, ಚಂದ್ರ ಸ್ವಲ್ಪ ಮುಂಚೆಯೇ ಕಾಣುತ್ತಿದ್ದ. ನನ್ನ ಜಾಗ ಮೆಟ್ಟಿಲಿನ ನಡುವೆ.

‘ಪುಟ್ಟೀ, ಬಂತು! ಹೇಳು ಅಮ್ಮಂಗೆ!’

ಅಮ್ಮ ತಾರಸಿಗೆ ಬಂದು ಟ್ಯಾಂಕಿನ ಕೆಳಗಿನ ಕಟ್ಟೆ ಹತ್ತಿ, ಕಂಡೂ ಕಾಣದ ಹಾಗಿದ್ದ ಚಂದ್ರನಿಗೆ ಕೈ ಮುಗಿಯುತ್ತಿದ್ದಳು. ಅಪ್ಪ ಟ್ಯಾಂಕಿನ ಮೇಲೆ, ಬೇರೆ ಕಡೆ ನೋಡುತ್ತಾ ನಿಂತಿರುತ್ತಿದ್ದರು. ಒಂದು ಮಾತಿಲ್ಲ. ಆದರೆ ಅವಳು ಕಟ್ಟೆ ಇಳಿಯುವಾಗ ಅಪ್ಪ ಮೊಬೈಲಿನ ಟಾರ್ಚ್ ಹಾಕಿ ಅವಳ ಕಾಲ ಬಳಿ ಬೆಳಕು ಬಿಡುತ್ತಿದ್ದರು. ಅದನ್ನು ನೋಡಿದ ಯಾವ ಮಗುವಿಗಾದರೂ ಇವರು ಸರಿಹೋಗುತ್ತಾರೆ ಎಂದೇ ಅನಿಸಬೇಕು. ನನಗೂ ಅನಿಸಿತ್ತು.

ಮಾರ್ಚಿನಲ್ಲಿ ನನ್ನ ಪರೀಕ್ಷೆ ಮುಗಿಯಿತು, ಅದರ ಬೆನ್ನಿಗೇ ಸಂಕಷ್ಟಿ. ಬಿಸಿಲು ಏರಿತ್ತು, ತಾರಸಿಯ ನೆಲ ಸಂಜೆಯಾದರೂ ಕಾವು ಬಿಟ್ಟಿರಲಿಲ್ಲ. ಅಪ್ಪ ಎಂದಿನಂತೆ ಬೇಗ ಬಂದು ಮೇಲೆ ಹೋದರು. ಸ್ವಲ್ಪ ಹೊತ್ತಿಗೆ ಕೂಗಿದರು, ‘ಬಂತು ಕಣೇ ಪುಟ್ಟಿ! ಊಟ ಮಾಡ್ಲಿ ಅನ್ನು!’

ನಾನು ಅಡುಗೆಮನೆಗೆ ಓಡಿದೆ. ಅಮ್ಮ ತಟ್ಟೆ ತೊಳೆಯುತ್ತಿದ್ದಳು. ತಟ್ಟೆಯ ಅಂಚಿನಲ್ಲಿ ಅನ್ನದ ಅಗುಳಿತ್ತು.

‘ಅಮ್ಮ, ಚಂದ್ರ ಬಂದ.’

‘ನಂದು ಊಟ ಆಯ್ತು ಕಣಮ್ಮ. ನಾನಿವತ್ತು ಉಪವಾಸ ಇಲ್ಲ.’

ಮೇಲೆ ಅಪ್ಪ ಕಾಯುತ್ತಿದ್ದರು. ನನ್ನ ಬಾಯಲ್ಲಿ ಯಾವ ಒಗ್ಗರಣೆಯೂ ಹುಟ್ಟಲಿಲ್ಲ. ‘ಅಪ್ಪಂಗೆ ಏನಂತ ಹೇಳ್ಲಿ?’ ಎಂದೆ.

ಅಮ್ಮ ತಟ್ಟೆಯನ್ನು ಬೋರಲು ಹಾಕಿ ಕೈ ಒರೆಸಿಕೊಂಡಳು. ‘ನೀನೇನೂ ಹೇಳ್ಬೇಡ. ನಾನೇ ಹೇಳ್ತೀನಿ.’ ಮೆಟ್ಟಿಲ ಬುಡಕ್ಕೆ ಹೋಗಿ ತಲೆ ಎತ್ತಿ ಕರೆದಳು, ‘ರೀ, ಕೆಳಗ್ ಬನ್ನಿ. ಮಾತಾಡ್ಬೇಕು.’

ರೀ! ನನಗೆ ಕುಣಿಯಬೇಕೆನಿಸಿತು. ಅಪ್ಪ ಒಂದೊಂದೇ ಮೆಟ್ಟಿಲಿಳಿದು ಬಂದರು. ಅಮ್ಮ ನನ್ನ ಕೈಗೆ ಲೋಟ ಕೊಟ್ಟು, ‘ಜಯತ್ತೆ ಮನೇಲಿ ಒಂದು ಚೂರು ಹೆಪ್ಪು ಈಸ್ಕೊಂಡು ಬಾ, ಮೆಲ್ಲಗೆ ಬಂದ್ರೆ ಸಾಕು’ ಅಂದಳು. ನಾನು ಹಾರಿಕೊಂಡೇ ರಸ್ತೆ ದಾಟಿದೆ. ಬಾಗಿಲಲ್ಲೇ ಕೂಗಿದೆ, ‘ಜಯತ್ತೆ, ಅಪ್ಪ ಅಮ್ಮ ಮಾತಾಡ್ತಾವ್ರೆ!’

ಜಯತ್ತೆ ಖುಷಿಪಡಲಿಲ್ಲ. ನನ್ನನ್ನು ಹತ್ತಿರ ಕರೆದು ತಲೆ ಸವರಿದರು. ಡಬ್ಬಿ ತೆಗೆದು ಎರಡು ಕೋಡುಬಳೆ ಕೊಟ್ಟು, ‘ಇಲ್ಲೇ ಕೂತ್ಕೊಂಡು ತಿನ್ನು ಮಗ, ನಿಧಾನಕ್ಕೆ ಹೋಗೀವಂತೆ’ ಎಂದರು. ವಯಸ್ಸಾದವರಿಗೆ ಒಳ್ಳೆಯ ಸುದ್ದಿ ಬೇಗ ಅರ್ಥವಾಗುವುದಿಲ್ಲ ಎಂದುಕೊಂಡೆ. ಹೆಪ್ಪಿನ ಲೋಟ ಹಿಡಿದು, ಕೋಡುಬಳೆ ತಿನ್ನುತ್ತಲೇ ಹೊರಟುಬಿಟ್ಟೆ.

ಮನೆಯ ಬಾಗಿಲು ಅರೆಮುಚ್ಚಿತ್ತು. ಒಳಗೆ ಇಬ್ಬರ ದನಿಯೂ ತಣ್ಣಗಿತ್ತು. ನಾನು ಒಳಗೆ ಹೋದರೆ ಮತ್ತೆ ನನ್ನ ಮೂಲಕ ಮಾತಾಡಲು ಶುರು ಮಾಡಿಯಾರು ಎಂಬ ಹೆದರಿಕೆಗೆ ಹೊರಗೇ ನಿಂತೆ.

‘ನಿಮ್ ತಪ್ಪು ಅಂತ ನಾನು ಯಾವತ್ತೂ ಅಂದಿಲ್ಲ ಕಣ್ರೀ.’

‘ಅಂದಿದ್ರೆ ಚೆನ್ನಾಗಿತ್ತು ಮಂಜು. ಒಂದ್ಸಲ ಬೈದ್ಬುಟ್ಟಿದ್ರೆ ಚೆನ್ನಾಗಿತ್ತು.’

‘ನಿಮ್ಮನ್ನ ನೋಡ್ದಾಗೆಲ್ಲ ನಂಗೆ ಆ ಫೋನಿನ ಹೆಂಗಸು ಮಾತಾಡೋದು ಕೇಳ್ಸುತ್ತೆ. ನೀವು ಊಟ ಮಾಡ್ತಿದ್ರೂ ಕೇಳ್ಸುತ್ತೆ, ಮಲ್ಗಿದ್ರೂ ಕೇಳ್ಸುತ್ತೆ. ನಾನು ಎಷ್ಟು ಮರೆಯೋಕೆ ನೋಡ್ದೆ, ಹೋಗ್ತಾನೇ ಇಲ್ಲ.’

ಅಮ್ಮನೇ ಮುಂದುವರಿಸಿದಳು. ‘ಆ ಹತ್ತಿಗಿಡ ಸತ್ತಿದ್ದು ನಂಗೆ ಅವತ್ತೇ ಗೊತ್ತಿತ್ತು. ಜಯಕ್ಕನ ಮನೆ ಟಿವೀಲಿ ಹೇಳಿದ್ರು.’

‘ಮತ್ತೆ ಪುಟ್ಟಿನ ದಿನಾ ಕೇಳ್ತಿದ್ದೆ?’

‘ಬದುಕಿದೆ ಅಂತ ಹೇಳೋಳು. ಕೇಳೋಕೆ ಚೆನ್ನಾಗಿತ್ತು. ನೀವೇ ಹೇಳ್ಕೊಟ್ಟಿದ್ದು ಅಂತಾನೂ ಗೊತ್ತಾಗಿತ್ತು. ನೀವು ಒಳ್ಳೇವ್ರು ಕಣ್ರೀ. ನನ್ ಕೈಲಿ ಆಗ್ತಿಲ್ಲ ಅಷ್ಟೇ.’

ಅಪ್ಪ ಅತ್ತರು. ಗಂಡಸರು ಅಳುವ ಸದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಕೆಮ್ಮುತ್ತಿದ್ದಾರೆ ಎಂದೇ ಮೊದಲು ಅಂದುಕೊಂಡೆ. ಆಮೇಲೆ ಇಬ್ಬರೂ ಮೆಲ್ಲಗೆ, ಜಗಳವಿಲ್ಲದೆ, ಒಬ್ಬರ ಮಾತನ್ನು ಒಬ್ಬರು ತುಂಡರಿಸದೆ ಮಾತಾಡಿದರು. ಅಂಗಡಿಯ ಮೇಲಿನ ಖಾಲಿ ಕೋಣೆ. ನನ್ನ ಸ್ಕೂಲು. ನನ್ನ ಪರೀಕ್ಷೆ ಮುಗಿಯಲಿ ಎಂದು ಅಮ್ಮ ಕಾದದ್ದು. ಭಾನುವಾರ ನಾನು ಎಲ್ಲಿರಬೇಕು ಎಂಬುದು. ಯಾವ ಮಾತನ್ನು ಅವರು ಆಡಲಿ ಎಂದು ನಾನು ಚಂದ್ರನ ಸುದ್ದಿಯೆಲ್ಲ ಹೊತ್ತು ತಂದಿದ್ದೆನೋ, ಆ ಮಾತು ಕೊನೆಗೂ ನೇರವಾಗಿ ನಡೆಯುತ್ತಿತ್ತು.

ನನ್ನನ್ನು ಒಳಗೆ ಕರೆದು ಚಾಪೆಯ ಮೇಲೆ ನಡುವೆ ಕೂರಿಸಿಕೊಂಡರು.

‘ನೀವೇ ಹೇಳಿ ಅವ್ಳಿಗೆ’ ಎಂದಳು ಅಮ್ಮ.

‘ನನ್ ಕೈಲಾಗಲ್ಲ ಮಂಜು. ನೀನೇ ಹೇಳು.’

ಯಾರು ಹೇಳಿದರೋ ನನಗೆ ನೆನಪಿಲ್ಲ. ನಾನು ಕಿರುಚಿದ್ದು, ಲೋಟ ಎಸೆದದ್ದು, ಮೊಸರಿನ ಹುಳಿ ವಾಸನೆ ಚಾಪೆಗೆ ಹತ್ತಿದ್ದು ಮಾತ್ರ ನೆನಪಿದೆ.

ಇದೆಲ್ಲ ಕಳೆದು ವರ್ಷಗಳಾದವು. ಅಪ್ಪ ಈಗ ರಾಜೀವನಗರದಲ್ಲಿದ್ದಾರೆ. ಡಿಶ್ ಕಟ್ಟಿಸುವವರು ಕಡಿಮೆಯಾಗಿ ಸಿಸಿಟಿವಿ ಕ್ಯಾಮೆರಾ ಕೂರಿಸುವ ಕೆಲಸಕ್ಕೆ ತಿರುಗಿಕೊಂಡರು. ಅಮ್ಮ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ನಾನು ಅವಳ ಜೊತೆಗಿದ್ದೇನೆ. ಇಬ್ಬರೂ ಬೇರೆ ಮದುವೆಯಾಗಲಿಲ್ಲ. ಈ ನಡುವೆ ಚೀನಾದವರು ಚಂದ್ರನ ಬೆನ್ನಿಗೆ ಮತ್ತೊಮ್ಮೆ ಹೋಗಿ ಅಲ್ಲಿನ ಮಣ್ಣನ್ನೇ ಭೂಮಿಗೆ ತಂದರು. ಬೇರೆ ದೇಶಗಳವರೂ ಹೊರಡಲು ತಯಾರಾಗುತ್ತಿದ್ದಾರೆ. ಮಣ್ಣು ತಂದ ಸುದ್ದಿ ಬಂದ ದಿನ ನಾನು ಇಬ್ಬರಿಗೂ ಬೇರೆ ಬೇರೆ ಮೆಸೇಜು ಕಳಿಸಿದೆ. ಅಪ್ಪ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದರು. ಅಮ್ಮ ‘ಹೌದಾ, ಊಟ ಆಯ್ತಾ’ ಎಂದು ಕೇಳಿದಳು.

ಈಗ ಅವರು ಒಬ್ಬರಿಗೊಬ್ಬರು ಫೋನು ಮಾಡುತ್ತಾರೆ. ನನ್ನ ಕಾಲೇಜು, ನನ್ನ ಜ್ವರ, ಅಪ್ಪನ ಬೆನ್ನುನೋವು, ಅಮ್ಮನ ಕನ್ನಡಕ, ಎಲ್ಲವನ್ನೂ ನೇರವಾಗಿ ಮಾತಾಡಿಕೊಳ್ಳುತ್ತಾರೆ. ಅಪ್ಪನ ಫೋನು ಈಗ ಯಾವ ಹೊತ್ತಿನಲ್ಲಿ ಮಾಡಿದರೂ ಸಿಗುತ್ತದೆ. ನೋಡಿದವರು, ಎಷ್ಟು ಚೆನ್ನಾಗಿದ್ದಾರೆ, ಬೇರೆಯಾದವರು ಹೀಗಿರಬೇಕು ಎನ್ನುತ್ತಾರೆ. ನಾನೂ ಹೌದು ಎಂದು ತಲೆಯಾಡಿಸುತ್ತೇನೆ. ಆದರೆ ನನಗೆ ಬೇಕಾಗಿರುವುದು ಅವರು ಮಾತು ಬಿಟ್ಟಿದ್ದ ಆ ಚಳಿಗಾಲ. ಅವತ್ತು ನನ್ನ ಅಪ್ಪ ಅಮ್ಮ ಮುಖ ಕೊಟ್ಟು ಒಂದು ಮಾತೂ ಆಡುತ್ತಿರಲಿಲ್ಲ, ಮತ್ತು ಇಬ್ಬರೂ ಮನೆಯಲ್ಲೇ ಇದ್ದರು.